ಗೋಡೆಗೆ ತೂಗಿದ ಬಿಲ್ಲು

ಝುಂಯ್, ಝುಂಯ್, ಝುಂಯ್. ಯಲಬುರ್ಗಾದ ಆ ಓಣಿಗೆ ಬೆಳಗಾಗುತ್ತಿದ್ದುದು ಪಿಂಜಾರ ಅಮೀನಸಾಬನ ಬಿಲ್ಲಿನ ಸದ್ದಿನಿಂದ. ಆಳುದ್ದದ ಕಟ್ಟಿಗೆಯ ಬಿಲ್ಲನ್ನು ಅಂಗಳದ ಚಪ್ಪರದ ಜಂತಿಗೆ ತೂಗುಬಿಟ್ಟು, ಕುರಿಯ ಕರುಳಿನಿಂದ ಹೊಸೆದ ಹುರಿಯನ್ನು ಅರಳೆಯ ರಾಶಿಗೆ ತಾಗಿಸಿ, ಕೊಡತಿಯಿಂದ ಹೊಡೆಯುತ್ತಿದ್ದ. ಗಂಟುಗಟ್ಟಿದ ಅರಳೆ ಎಳೆ ಎಳೆಯಾಗಿ ಬಿಡಿಸಿಕೊಂಡು ಮೇಲೆ ಹಾರಿ, ಹಾಲಿನ ನೊರೆಯ ಹಾಗೆ ಕೆಳಗೆ ಕೂರುತ್ತಿತ್ತು. ಊರಿನವರು ಮಲಗುತ್ತಿದ್ದ ಗಾದಿಗಳೆಲ್ಲ ಆ ನೊರೆಯಿಂದಲೇ ಆದವು.

ಹಾರುವುದನ್ನು, ಪುಟಿಯುವುದನ್ನು ನೋಡುವ ಹುಚ್ಚು ಅವನಿಗೆ ಮೊದಲಿನಿಂದ ಇತ್ತು. ಕೈಗೆ ಸಿಕ್ಕದ್ದನ್ನು ಹೊಸ್ತಿಲ ಕಲ್ಲಿನ ಮೇಲೆ ಬಿಟ್ಟು, ಎಷ್ಟು ಎತ್ತರಕ್ಕೆ ಎದ್ದಿತೆಂದು ಬೆರಳಿನಲ್ಲಿ ಅಳೆಯುತ್ತಿದ್ದ. ಉಳ್ಳಾಗಡ್ಡಿ ನಾಲ್ಕು ಬೆರಳು. ಬಾರೆಕಾಯಿಯ ಬೀಜ ಒಂದು ಗೇಣು. ಹಳೆಯ ಹುರಿಯ ತುಂಡುಗಳನ್ನು ಬಿಗಿಯಾಗಿ ಸುತ್ತಿದ ಉಂಡೆ ಮೊಣಕಾಲಿನವರೆಗೆ ಬಂತು. ಬಿಟ್ಟಷ್ಟು ಎತ್ತರಕ್ಕೆ ತಿರುಗಿ ಬಂದದ್ದು ಮಾತ್ರ ಒಂದೂ ಇಲ್ಲ.

"ಉಳಿದದ್ದು ಎಲ್ಲಿ ಹೋತು?" ಎಂದು ಹೆಂಡತಿ ಬಾಷಾಬಿಯನ್ನು ಕೇಳಿದ್ದ.

"ನನ್ನ ತಲಿಯಾಗ ಹೋತು. ಉಳ್ಳಾಗಡ್ಡಿ ಕೊಡ್ರಿ ಇಲ್ಲೆ, ಸಾರಿಗೆ ಹಾಕಬೇಕು."

"ಒಂದಿಷ್ಟು ಸಪ್ಪಳಾಗಿ ಹೋಗೇತಿ. ಟಪ್ ಅಂದದ್ದು ಕೇಳ್ಲಿಲ್ಲೇನು ನೀನು?"

"ಸಪ್ಪಳ ಎಲ್ಲಿ ಹೋತು ಮತ್ತ?"

ಅದಕ್ಕೆ ಉತ್ತರ ಸಿಕ್ಕದ್ದು ಅಪ್ಪ ತೀರಿಕೊಂಡ ಮೇಲೆ.

ಅಪ್ಪನ ಬಿಲ್ಲನ್ನು ಒಳಗಿನ ಗೋಡೆಗೆ ತೂಗುಹಾಕಿದ್ದ. ಮರುದಿನ ಅಂಗಳದಲ್ಲಿ ತನ್ನ ಬಿಲ್ಲು ಬಡಿಯತೊಡಗಿದಾಗ ಒಳಗಿನಿಂದಲೂ ಸಣ್ಣಗೆ ಝೂಂ ಎಂದಿತು. ಇವನು ನಿಲ್ಲಿಸಿದರೂ ಅದು ಅರೆಗಳಿಗೆ ಗುನುಗುತ್ತಲೇ ಇತ್ತು. ಬಾಷಾಬಿ ಮೊರ ಬಿಟ್ಟು ಹೊರಗೆ ಓಡಿ ಬಂದಳು. "ಮಾವನ ಜೀವ ಇನ್ನೂ ಕೆಲಸ ಬೇಡತೈತ್ರಿ!"

ಅವಳೊಬ್ಬಳೇ ಹೆದರಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಹತ್ತಿ ವ್ಯಾಪಾರಿ ದೇವೇಂದ್ರಪ್ಪನ ತಾಯಿ ಕಳಕಮ್ಮ, ಮೊಮ್ಮಗಳ ಮದುವೆಯ ಗಾದಿಗಳಿಗೆ ತಮ್ಮ ಹೊಲದ ಅರಳೆಯನ್ನೇ ತಂದಿದ್ದಳು. ಅದಕ್ಕೆ ಬೇರೆಯದು ಬೆರೆಯಬಾರದೆಂದು ಪಡಸಾಲೆಯಲ್ಲಿ ಕಾವಲು ಕೂತಿದ್ದಳು. ಬೆನ್ನ ಹಿಂದಿನ ಗೋಡೆ ಝೂಂ ಎಂದದ್ದೇ ತಡ, ಕೆರವು ಅಲ್ಲಿಯೇ ಬಿಟ್ಟು ಬರಿಗಾಲಿನಲ್ಲಿ ಓಣಿ ದಾಟಿದಳು. ಸಂಜೆ ಆಕೆಯ ಮಾತು ಬಂತು: ಆ ಬಿಲ್ಲು ಮನೆಯಲ್ಲಿರುವ ತನಕ ತಮ್ಮ ಅರಳೆ ಆ ಅಂಗಳದಲ್ಲಿ ಬೀಳುವುದಿಲ್ಲ. ಬೇರೆ ಮನೆಗಳವರೂ ಅದನ್ನೇ ಹೇಳಿದರು. ಓಣಿಯ ಹಿರಿಯರು ಕೂತು, ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಬಿಲ್ಲನ್ನು ಅಪ್ಪನ ಗೋರಿಯ ಬದಿಗೆ ಹೂಳಬೇಕೆಂದು ತೀರ್ಮಾನಿಸಿದರು.

ಅಪ್ಪನ ಅಂಗೈ ತಾಗಿ ತಾಗಿ ನಡುವೆ ಸವೆದಿದ್ದ ಬಿಲ್ಲು ಅದು. ಮಣ್ಣಿಗೆ ಹಾಕಲು ಅಮೀನಸಾಬನಿಗೆ ಮನಸ್ಸಾಗಲಿಲ್ಲ. ಅವನು ಹೆದರಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಲೆಕ್ಕ ಹಾಕಿದ.

ಮಳೆ ಹಿಡಿದ ಎರಡು ದಿನ ಒಳಗಿನ ಬಿಲ್ಲು ಸುಮ್ಮನಿತ್ತು. ಗೋಡೆ ತೊಯ್ದು, ಹುರಿಯ ದನಿ ಬದಲಾಗಿತ್ತು. "ಸತ್ತವರಿಗೆ ಮಳಿ ಅಂದ್ರ ಅಂಜಿಕಿ ಏನು?" ಎಂದು ನಕ್ಕ. ಬಿಸಿಲು ಬಿತ್ತು; ಬಿಲ್ಲು ಮತ್ತೆ ಗುನುಗಿತು. ಸದ್ದು ಗೋಡೆಯೊಳಗಿಂದ ಹರಿದು ಬರುತ್ತಿರಬೇಕೆಂದು ಅದನ್ನು ಬೇವಿನ ಟೊಂಗೆಗೆ ಕಟ್ಟಿ ನೋಡಿದ. ಅಲ್ಲಿಯೂ ಗುನುಗಿತು. ಆಗ ಅವನ ಊಹೆ ತಪ್ಪಾಗಿತ್ತು, ಆದರೆ ಖುಷಿ ದೊಡ್ಡದಾಗಿತ್ತು.

"ನಡುವ ಏನೂ ಇಲ್ಲ, ಬಾಷಾಬಿ! ನಾ ಇಲ್ಲಿ ಹೊಡದ್ರ ಹೊಡೆತ ಗಾಳ್ಯಾಗ ಹಾಯ್ದು ಅಲ್ಲಿ ಎದ್ದು ನಿಂದರತೈತಿ. ಹೊಡೆತ ಹೋಗೂದಾದ್ರ ಒಂದಿನ ಅರಳಿ ಯಾಕ ಹೋಗಬಾರದು? ಮನಶ್ಯಾ ಯಾಕ ಹೋಗಬಾರದು? ಇಲ್ಲಿ ಕಣ್ಣು ಮುಚ್ಚಿ ಗಂಗಾವತ್ಯಾಗ ತೆರಿಯೂದು!"

"ಗಂಗಾವತಿ ಇರ್ಲಿ. ಮೊದಲು ಕಳಕಮ್ಮಾರ ಮನಿತನ ನಡಕೊಂತ ಹೋಗಿ ಕೆರವು ಕೊಟ್ಟು ಬರ್ರಿ."

ಗುರುವಾರ ಕೆರವು ಹಿಡಿದು ಹೋದವನು ಕಳಕಮ್ಮನನ್ನೇ ಕರೆತಂದ. "ನಿಮ್ಮ ಅರಳಿ ನೀವ ತರ್ರಿ, ಅವ್ವಾರ. ನಿಮ್ಮ ಕಣ್ಣೀಲೆ ನೋಡ್ರಿ. ಸುಳ್ಳಾದ್ರ ನಾಳೆ ನಾನ ಹೂಳತೀನಿ" ಎಂದಿದ್ದ.

ಆಕೆ ಗೋಡೆಯಿಂದ ನಾಲ್ಕು ಮಾರು ದೂರ ನಿಂತಳು. ಅಪ್ಪನ ಬಿಲ್ಲನ್ನು ಅವನು ಎರಡು ಮಣೆಗಳ ಮೇಲೆ ಹುರಿ ಮೇಲಾಗುವಂತೆ ಇಟ್ಟ.

"ಕಡ್ಲಿಕಾಳಿನಷ್ಟು ಅರಳಿ ಹುರಿ ಮ್ಯಾಲ ಇಡ್ರಿ."

"ಕುರಿ ಕರುಳು ನಾ ಮುಟ್ಟಂಗಿಲ್ಲಪಾ."

"ಮುಟ್ಟಬ್ಯಾಡ್ರಿ. ಮ್ಯಾಲಿಂದ ಬಿಡ್ರಿ."

ಮೂರನೆಯ ಸಲ ಅರಳೆ ಹುರಿಯ ಮೇಲೆ ನಿಂತಿತು. ಅಮೀನಸಾಬ ಅಂಗಳಕ್ಕೆ ಹೋಗಿ ತನ್ನ ಬಿಲ್ಲಿಗೆ ಒಂದೇ ಏಟು ಹಾಕಿದ. ಒಳಗೆ ಅರಳೆ ನಡುಗಿತು, ಪುಟಿಯಿತು, ಉರುಳಿ ಕಳಕಮ್ಮನ ಕಾಲ ಹತ್ತಿರ ಬಿತ್ತು. ಬಾಷಾಬಿ ಚೀರಿದಳು. ಕಳಕಮ್ಮ ಚೀರಲಿಲ್ಲ, ಬಗ್ಗಿ ಅರಳೆ ಎತ್ತಿಕೊಂಡಳು.

"ಈಗ ನೋಡ್ರಿ" ಎಂದು ಅವನು ಒಳಗೆ ಬಂದು ಹುರಿಯ ಕೆಳಗಿನ ಬೆಣೆಯನ್ನು ತುಸು ಸಡಿಲಿಸಿ, ಅರಳೆಯನ್ನು ಮತ್ತೆ ಹುರಿಯ ಮೇಲೆ ಇಟ್ಟ. ಹೊರಗಿನಿಂದ ಒಂದಲ್ಲ, ಹತ್ತು ಏಟು ಹೊಡೆದ. ಅರಳೆ ಅಲುಗಲಿಲ್ಲ. ಬೆಣೆ ಬಿಗಿದು, ಬೆರಳಿನಿಂದ ಮೀಟಿ ದನಿ ಕೂಡಿಸಿ, ಅರಳೆ ಇಟ್ಟು ಮತ್ತೆ ಹೊಡೆದ. ಹಾರಿತು.

"ಎರಡೂ ಒಂದ ದನಿಗೆ ಇದ್ರ ಮಾತ್ರ ಓಗೊಡತೈತಿ, ಅವ್ವಾರ. ಎರಡನೂ ಬಿಗದಾಂವ ನಮ್ಮಪ್ಪ."

ಕಳಕಮ್ಮ ಹಾರಿಬಿದ್ದ ಅರಳೆಯನ್ನು ಎತ್ತಿ ನೋಡಿದಳು. "ಹಂಗಾದ್ರ ಅಂವ ಇದರಾಗ ಇಲ್ಲೇನು?"

"ಅಂವನ ಕಿವಿ ಐತ್ರಿ. ಈ ದನಿ ಅಂವನ ಕಿವಿ ಹಿಡದಿದ್ದು."

ಬಾಷಾಬಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಕಳಕಮ್ಮ ಮಣೆಗಳ ಹತ್ತಿರ ಬಂದು ಕೂತು, ಸವೆದ ಕಟ್ಟಿಗೆಯ ಮೇಲೆ ಅಂಗೈ ಇಟ್ಟಳು. "ಹೂಳಬ್ಯಾಡ. ಹಿರ್ಯಾರಿಗೆ ನಾ ಹೇಳತೀನಿ, ದನಿ ಕೂಡಿದ್ದಕ್ಕ ಗುನಗತೈತಿ, ನನ್ನ ಕಣ್ಣೀಲೆ ನೋಡೀನಿ ಅಂತ. ನಾಳೆ ಅರಳಿ ಹೇರಿ ಕಳಿಸತೀನಿ. ಐದು ಗಾದಿ, ಹತ್ತು ತಲಿದಿಂಬು. ಮದವಿ ಮುಂದಿನ..."

ಅಮೀನಸಾಬ ಕೇಳುತ್ತಿರಲಿಲ್ಲ. ಅವನು ಬಾಗಿಲಾಚೆ, ಓಣಿಯ ತುದಿಯ ಬನ್ನಿ ಗಿಡದ ಕಡೆ ನೋಡುತ್ತಿದ್ದ. ಅಂಗಳದ ಬಿಲ್ಲನ್ನು ಬಿಚ್ಚಿ ಹೆಗಲಿಗೇರಿಸಿದ, ಕೊಡತಿಯನ್ನು ನಡುವಿಗೆ ಸಿಕ್ಕಿಸಿದ.

"ಅಮೀನಸಾಬ, ದಿನ ಹೇಳಾಕತ್ತೀನಿ ನಾನು!"

"ಇನ್ನೊಂದು ಚೂರು ಅರಳಿ ಇಡ್ರಿ ಅವ್ವಾರ. ಆ ಗಿಡದಿಂದ ಹೊಡೀತೀನಿ, ಹಾರಿದ್ರ ಕೂಗ್ರಿ" ಎಂದವನೇ, ಒಂದು, ಎರಡು, ಮೂರು ಎಂದು ಹೆಜ್ಜೆ ಎಣಿಸುತ್ತ ಓಣಿಗಿಳಿದ.