ನಾಕು ಪಾಲು ಚಾಲು

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಮಾರ್ಚ್ ತಿಂಗಳಲ್ಲಿ, ಚಳ್ಳಕೆರೆ ಸೀಮೆಯ ನಮ್ಮೂರಿನ ಪುರಸಭೆಗೆ ನನ್ನ ಎದುರುಮನೆಯ ಸದಸ್ಯರು ಒಂದೇ ಮತದ ಅಂತರದಿಂದ ಅಧ್ಯಕ್ಷರಾದರು. ಪತ್ರಿಕೆಗೆ ನಾನು ಕಳಿಸಿದ ಸುದ್ದಿ ಅಷ್ಟೇ.

ಆ ಒಂದು ಮತ ರಾಂಪುರದಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ, ಮನೆಯಲ್ಲಿ ತೆಲುಗಾಡುವ ಹಿರಿಯ ಸದಸ್ಯೆಯದು. ಅವರ ಒಲವು ಯಾರ ಕಡೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಎದುರಾಳಿಗಳ ಕೈಗೆ ಸಿಗದಿರಲೆಂದು ಎದುರುಮನೆಯವರು ತಮ್ಮ ಕಡೆಯ ಸದಸ್ಯರ ಜೊತೆ ಅವರನ್ನೂ ರಾಂಪುರದ ಹತ್ತಿರದ ಒಂದು ತೋಟದ ಮನೆಗೆ ಸಾಗಿಸಿದ್ದರು. ಕಾಯಲು ದಾವಣಗೆರೆಯಿಂದ ಭಾಮೈದನನ್ನು ಕರೆಸಿದ್ದರು.

ಚುನಾವಣೆಯ ಬೆಳಿಗ್ಗೆ ನಾನು ಎದುರುಮನೆಯಲ್ಲಿದ್ದಾಗ ಫೋನ್ ಬಂತು. ಭಾಮೈದನ ಗಂಟಲು ನನಗೂ ಕೇಳುವಷ್ಟು ದೊಡ್ಡದು.

"ಭಾವ, ಅವ್ವಾರು ಮುಖ ಗಂಟು ಹಾಕ್ಕೊಂಡು ಕುಂತಾರೆ. ಏನ್ ಬೇಕ್ರಿ ಅಂದ್ರೆ, 'ನಾಕು ಪಾಲು ಚಾಲು' ಅಂತಾರೆ."

"ನಾಕು ಪಾಲಾ? ಅಧ್ಯಕ್ಷಗಿರಿ ಅವಧೀನಾ?"

"ಇನ್ನೇನಿರುತ್ತೆ? ಇವತ್ತಿಂದ್ಲೇ ಚಾಲು ಆಗ್ಬೇಕಂತೆ."

"ಲೇ, ಒಪ್ಪೀನಿ ಅನ್ನಲೇ! ಎರಡನೇ ಪಾಲು ಅವರಿಗೇ. ಉಳಿದ ಎರಡು ಯಾರಿಗಾರ ಕೊಡು. ಫೋನ್ ದೇವರ ಪಟದ ಮುಂದೆ ಹಿಡಿ, ಆಣೆ ಮಾಡ್ತೀನಿ."

ಚಪ್ಪಲಿ ಬಿಟ್ಟು, ರಿಸೀವರ್‌ಗೆ ಕೈಮುಗಿದು ಆಣೆ ಮಾಡಿದರು.

ಮಧ್ಯಾಹ್ನ ಗೆದ್ದವರು ಹಾರ ತೆಗೆಯದೆಯೇ ಹಿರಿಯ ಸದಸ್ಯೆಯ ಬಳಿ ಹೋದರು. ಭಾಮೈದನೂ ಅಲ್ಲೇ ಇದ್ದ.

"ಅವ್ವಾ, ನೀವು ಹೇಳ್ದಂಗೆ ನಾಕು ಪಾಲು ಮಾಡೀನಿ. ಸಮಾಧಾನ ಆತಾ?"

"ನಾನೆಲ್ಲಪ್ಪ ಪಾಲು ಕೇಳ್ದೆ? ಟೀ ಕುಡಿದ್ರೆ ಎದೆ ಉರಿ. ನಂಗೆ ಹಾಲೇ ಸಾಕು ಅಂತ ತೆಲುಗಲ್ಲಿ ಅಂದೆ. ನಿಮ್ಮೋನು ಹೋಗಿ ಅಧ್ಯಕ್ಷಗಿರಿ ತಂದ. ಹಾಲು ಇನ್ನೂ ಬಂದಿಲ್ಲ."

ಅಧ್ಯಕ್ಷರು ಭಾಮೈದನತ್ತ ತಿರುಗಿದರು.

"ನಾನು ದಾವಣಗೆರೆಯೋನು ಭಾವ. ತೆಲುಗಲ್ಲಿ ಪಾಲು ಅಂದ್ರೆ ಹಾಲು ಅಂತ ನಂಗೇನ್ ಗೊತ್ತು?"

ಅಧ್ಯಕ್ಷರು ಮೆಲ್ಲಗೆ ಕೇಳಿದರು: "ಹಂಗಾದ್ರೆ ಅವ್ವಾ, ಆ ಆಣೆ..."

"ದೇವರಿಗೆ ಎರಡೂ ಭಾಷೆ ಬರ್ತೈತೆ ಕಣಪ್ಪ. ನೀನು ಕನ್ನಡದಾಗೆ ಆಣೆ ಮಾಡೀಯ."

ಮೊದಲ ಪಾಲು ಮುಗಿದ ದಿನ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಹಿರಿಯ ಸದಸ್ಯೆ ಅವಿರೋಧವಾಗಿ ಆಯ್ಕೆಯಾದರು. ಅವರ ಮೊದಲ ಸಭೆಯಲ್ಲಿ ಸದಸ್ಯರಿಗೆಲ್ಲ ಟೀ ಬಂತು. ಹೊಸ ಅಧ್ಯಕ್ಷೆಗೆ ಹಾಲು ಬಂತು.