ಎಣ್ಣೆ ಬೇಡದ ಗಾಡಿ, ಸವಾರರು ಓಣಿಯೆಲ್ಲ

ಹೊಸ ಕರೆಂಟ್ ಗಾಡಿ ಮನೆಗೆ ಬಂದರೆ ಮೊದಲು ಮಾಡಬೇಕಾದ ಕೆಲಸ ಅದನ್ನು ಚಾರ್ಜಿಗೆ ಹಚ್ಚುವುದು. ನಾನು ಮೊದಲು ಮಾಡಿದ್ದು ಅದನ್ನು ಓಣಿಗೆಲ್ಲ ತೋರಿಸಿದ್ದು. ಒಪ್ಪಿಕೊಂಡುಬಿಡುತ್ತೇನೆ, ಇಷ್ಟು ದೊಡ್ಡ ದಡ್ಡತನವನ್ನು ಕುಷ್ಟಗಿಯಲ್ಲಿ ನನಗಿಂತ ಮೊದಲು ಯಾರೂ ಮಾಡಿರಲಿಕ್ಕಿಲ್ಲ.

ಗಾಡಿ ನನ್ನದಲ್ಲ, ಅಕ್ಕನದು. ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯ ಶಾಲೆಯಲ್ಲಿ ಅವಳು ಅತಿಥಿ ಶಿಕ್ಷಕಿ. ಬಸ್ಸು ತನಗೆ ತಿಳಿದಾಗ ಬರುತ್ತಿತ್ತು, ಅಕ್ಕ ಪ್ರಾರ್ಥನೆ ಮುಗಿದ ಮೇಲೆ ಮುಟ್ಟುತ್ತಿದ್ದಳು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಹೆಡ್‌ಮಾಸ್ತರರು ಹೇಳಿಯಾಗಿತ್ತು. ಅದಕ್ಕೇ ಈ ಬ್ಯಾಟರಿ ಸ್ಕೂಟರ್. ಭಾನುವಾರ ತಂದೆವು, ಸೋಮವಾರ ಅವಳು ಅದರ ಮೇಲೆ ಹೋಗಬೇಕು. ಚಾರ್ಜ್ ನೋಡಿಕೊಳ್ಳುವ ಜವಾಬ್ದಾರಿಯನ್ನು, ಯಾವ ಧೈರ್ಯದಿಂದಲೋ, ಮನೆಯವರು ನನಗೆ ಕೊಟ್ಟಿದ್ದರು.

ಪೂಜೆಯಾಗಿ, ಗಾಲಿಯಡಿಯ ನಿಂಬೆಹಣ್ಣು ಚಪ್ಪಟೆಯಾದದ್ದೇ ತಡ, ಜನ ಸೇರಿದರು. ನಮ್ಮ ಓಣಿಯಲ್ಲಿ ಪೆಟ್ರೋಲ್ ಗಾಡಿಯನ್ನು ಯಾರೂ ಸುಮ್ಮನೆ ಕೇಳುವುದಿಲ್ಲ. ಎಣ್ಣೆ ಸುಡುತ್ತದಲ್ಲ, ಸಂಕೋಚ. ಇದಕ್ಕೆ ಆ ಸಂಕೋಚವೇ ಇಲ್ಲ. ಎದುರು ಮನೆಯ ದರ್ಜಿ ಚಾಚಾ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಒಂದು ರೌಂಡು ಕೇಳಿದರು. ನಾನು ತಲೆ ಕೆರೆದುಕೊಂಡೆ.

“ಎಣ್ಣಿ ಹಾಕೂದಿಲ್ಲ, ಏನಿಲ್ಲ. ನಿನ್ನ ಗಂಟೇನ್ ಹೋಗತೈತೋ ತಮ್ಮಾ?”

ನ್ಯಾಯವಾದ ಮಾತು ಅನಿಸಿತು. ಚಾಚಾ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಹೊಲಿದಿಟ್ಟ ಮೂರು ಅಂಗಿ ಮುಟ್ಟಿಸಿ ಬಂದರು. ಅವರ ನಂತರ ಹಾಲಿನವನು, ಕ್ಯಾನುಗಳ ಸಮೇತ. ಆಮೇಲೆ ಸೈಕಲ್ ಬಿಟ್ಟು ಬೇರೇನೂ ನಡೆಸಿ ಗೊತ್ತಿಲ್ಲದ ನಮ್ಮ ಸೋದರಮಾವ. ನಿಲ್ಲಿಸುವುದು ತಿಳಿಯದೆ ಹನುಮಪ್ಪನ ಗುಡಿಗೆ ಹನ್ನೊಂದು ಸುತ್ತು ಹಾಕಿದರು. ನೋಡಿದವರು ಹರಕೆ ಇರಬೇಕು ಅಂದುಕೊಂಡರು. ನಾನು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಸಾಹೇಬನ ಹಾಗೆ ಸರದಿ ಕೂಗುತ್ತಿದ್ದೆ.

ಕತ್ತಲಾಗುವಾಗ ಒಂದು ಗೆರೆ ಚಾರ್ಜ್ ಉಳಿದಿತ್ತು. ನನ್ನ ಫೋನು ಒಂದೇ ಗೆರೆಯಲ್ಲಿ ಬಸ್ಸು ಗಂಗಾವತಿ ಮುಟ್ಟುವ ತನಕ ರೀಲ್ಸ್ ತೋರಿಸುತ್ತದೆ. ಗಾಡಿಯಂತೂ ಫೋನಿಗಿಂತ ನೂರು ಪಟ್ಟು ದೊಡ್ಡದು. ಹೀಗೆ ವಿಜ್ಞಾನ ಹಚ್ಚಿ, ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಅಕ್ಕ ಕೇಳಿದಾಗ ಚಾರ್ಜ್ ಬೇಕಾದಷ್ಟಿದೆ ಎಂದೆ. ಅವಳಿಗೆ ಧೈರ್ಯ ಹೇಳಲು ಹಿಂದೆ ನಾನೂ ಕುಳಿತೆ. ಅರ್ಧದಾರಿಯಲ್ಲಿ, ಒಂದು ದಾಳಿಂಬೆ ತೋಟದ ಮುಂದೆ, ಗಾಡಿ ಒಂದು ಮಾತೂ ಆಡದೆ ನಿಂತುಬಿಟ್ಟಿತು. ಅಕ್ಕ ಗಡಿಯಾರ ನೋಡಿದಳು. ನನ್ನನ್ನು ನೋಡಲಿಲ್ಲ. ಹಣ್ಣಿನ ಕ್ರೇಟು ತುಂಬಿಕೊಂಡು ಹೊರಟಿದ್ದ ಟಂಟಂ ಆಟೋಗೆ ಕೈಮಾಡಿ, ಸೀರೆಯ ನಿರಿಗೆ ಎತ್ತಿ ಹಿಡಿದು, ಕ್ರೇಟುಗಳ ನಡುವೆ ಹತ್ತಿ ಹೋದಳು.

ನಾನು ಗಾಡಿ ತಳ್ಳುತ್ತ ತೋಟದ ಪಂಪಿನ ಮನೆಗೆ ಹೋದೆ. ಯಜಮಾನರು ಪ್ಲಗ್ಗು ತೋರಿಸಿದರು, ಅದರೊಳಗೆ ಕರೆಂಟು ಹನ್ನೆರಡಕ್ಕೆ ಬರುತ್ತದೆ ಎಂದೂ ಹೇಳಿದರು. ಕಾಯುತ್ತ ಕುಳಿತೆ. ಅಲ್ಲಿಯೂ ಇಬ್ಬರು ಬಂದು ಒಂದು ರೌಂಡು ಕೇಳಿದರು.

ಸಂಜೆ ಅಕ್ಕ ಬಸ್ಸಿನಲ್ಲಿ ಬಂದಳು. ಕೆಲಸ ಉಳಿಯಿತೋ ಹೋಯಿತೋ ಎಂದು ಕೇಳುವ ಬದಲು ಚಹಾ ಕಾಸಿದೆ. ಚಹಾ ಕೊಟ್ಟು ಬಾಗಿಲ ಹತ್ತಿರ ನಿಂತೆ, ಓಡಲು ಅನುಕೂಲವಾಗಲಿ ಎಂದು. ಅವಳು ಅರ್ಧ ಕಪ್ಪು ಮುಗಿಸಿದ ಮೇಲೆ ಹೇಳಿದಳು:

“ಪ್ರಾರ್ಥನಾಕ್ಕಿಂತ ಮೊದ್ಲ ಮುಟ್ಟೀನಿ, ಹೆಡ್‌ಮಾಸ್ತರ್ರು ಏನೂ ಅನ್ಲಿಲ್ಲ. ಹೊಸಾ ಗಾಡಿ ಮ್ಯಾಲ ಬರ್ತೀನಿ ಅಂತ ಶನಿವಾರ ಹುಡುಗೂರಿಗೆ ಹೇಳಿದ್ನಲ್ಲ, ಎಲ್ಲೈತ್ರಿ ಟೀಚರ್ ಅಂತ ಕೇಳಿದ್ರು. ಅದು ಹಸದು ದಾರ್ಯಾಗ ನಿಂತೈತಿ, ನಮ್ಮ ತಮ್ಮ ಮೇಯಿಸ್ಕೊಂಡು ಬರಾಕ ಹೊಡ್ಕೊಂಡು ಹೋಗ್ಯಾನ ಅಂದೆ.”