ಕನ್ನಡಕ ತೆಗೆದಿಟ್ಟು ತಿನ್ನುತ್ತಿದ್ದ ಆಚಾರ್ರು

ಮೌನೇಶಾಚಾರ್ರನ್ನು ನಾನು ಮೊದಲು ಕಂಡದ್ದು ನನ್ನ ಎಡಗಿವಿಯ ಓಲೆಯ ತಿರುಪು ಕಳೆದುಹೋದ ಮಾರನೆಯ ದಿನ. ಬೇಸಿಗೆ. ಪಾಲಹಳ್ಳಿಯಿಂದ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಅವರ ಮನೆಯ ಜಗಲಿಯ ಮೇಲಿದ್ದ ಅಕ್ಕಸಾಲೆ ಅಂಗಡಿಯ ಮುಂದೆ ಕೂತಾಗ ಹನ್ನೆರಡು ಗಂಟೆ. ಅವರು ಊದುಗೊಳವೆ ಬಾಯಿಗಿಟ್ಟು ಕೆಂಡ ಊದುತ್ತಿದ್ದರು. ಹೊಗೆ ಅವರ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನನ್ನ ಚೀಲದಲ್ಲಿ ಒಂದು ಬಾಟಲಿ ಮಜ್ಜಿಗೆ ಇತ್ತು. ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

"ತಪ್ಪು ತಿಳ್ಕಬ್ಯಾಡಿ ಕಣಮ್ಮ. ನಾವು ಹೊರಗಿಂದು ಏನೂ ಮುಟ್ಟಾಕಿಲ್ಲ. ನಮ್ಮಪ್ಪನ ಕಾಲದ ನೇಮ. ಮಜ್ಜಿಗೆ ಇರ್ಲಿ, ನೀರೂ ಇಲ್ಲ."

"ಕೆಮ್ಮಿ ಕೆಮ್ಮಿ ಪ್ರಾಣ ಹೋದ್ರೆ?"

"ಹೋಗ್ಲಿ ಬುಡಿ. ನೇಮ ಉಳೀತದಲ್ಲ."

ನನ್ನ ಗಂಡನ ಕಡೆಯ ನೆಂಟ, ಅರಕೆರೆಯ ಮರಿಸ್ವಾಮಿ ಪಕ್ಕದಲ್ಲೇ ಕೂತಿದ್ದ. ಮಗಳ ಮದುವೆಗೆ ಸರ ಮಾಡಿಸಲು ಬಂದಿದ್ದ. "ನೋಡ್ದಾ ಯಶೋದಕ್ಕ," ಅಂದ. "ಹೊರಗಿನ ನೀರ್ನೇ ಮುಟ್ಟದೋರು ನಮ್ ಚಿನ್ನ ಮುಟ್ಟಾರಾ? ಅದ್ಕೇ ನಾನು ಬ್ಯಾರೆ ಅಂಗ್ಡಿ ಮೆಟ್ಲು ಹತ್ತಾಕಿಲ್ಲ."

ಆಚಾರ್ರು ತಲೆ ತಗ್ಗಿಸಿದರು. ಹಾಗೆ ತಲೆ ತಗ್ಗಿಸುವುದನ್ನು ಅವರು ಚೆನ್ನಾಗಿ ಕಲಿತಿದ್ದರು.

ಅವರ ಕುಲದ ಬೇರೆಯವರು ಆ ನೇಮ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರ ಸ್ವಂತ ತಮ್ಮ ಬಾಬುರಾಯನಕೊಪ್ಪಲಿನಲ್ಲಿ ಬಾಗಿಲು ಕಿಟಕಿ ಮಾಡಿಕೊಂಡು, ಕೆಲಸ ಸಿಕ್ಕಿದ ಮನೆಯಲ್ಲಿ ಉಂಡು ಬರುತ್ತಿದ್ದ. ಇವರು ಮಾತ್ರ ಹಿಡಿದುಕೊಂಡಿದ್ದರು. ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದಲೂ ಜನ ಚಿನ್ನ ಕಟ್ಟಿಕೊಂಡು ಅವರ ಜಗಲಿ ಹುಡುಕಿ ಬರುತ್ತಿದ್ದರು. ಆ ಅಂಗಡಿಗೆ ಬೋರ್ಡು ಇರಲಿಲ್ಲ. ನೇಮವೇ ಬೋರ್ಡು.

ಎರಡು ವರ್ಷದ ಮೇಲೆ ನಾನು ಮೈಸೂರಿನ ಒಂದು ಹೋಟೆಲಿನ ಅಡುಗೆಮನೆಗೆ ಸೇರಿದೆ. ಗಂಡ ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಹೋಗುವುದು, ಸಂಜೆ ನಾಲ್ಕಕ್ಕೆ ಹೊರಡುವುದು. ಚಟ್ನಿ, ಸಾಗು, ತರಕಾರಿ ಹೆಚ್ಚುವುದು ನನ್ನ ಪಾಲಿನ ಕೆಲಸ. ಹೋಟೆಲು ಚಿನ್ನದ ಅಂಗಡಿಗಳ ಬೀದಿಯಿಂದ ಮೂರು ತಿರುವು ಒಳಗೆ, ಆಟೋ ನುಗ್ಗದ ಗಲ್ಲಿಯಲ್ಲಿತ್ತು. ಒಂಬತ್ತು ಟೇಬಲ್ಲು. ಒಂಬತ್ತನೆಯದು ಮಹಡಿ ಮೆಟ್ಟಿಲಿನ ಕೆಳಗೆ. ಅಲ್ಲಿ ಎದ್ದರೆ ತಲೆ ತಗಲುತ್ತದೆ. ಬೇರೆಲ್ಲೂ ಜಾಗವಿಲ್ಲದಿದ್ದರೆ ಮಾತ್ರ ಜನ ಅಲ್ಲಿಗೆ ಹೋಗುತ್ತಿದ್ದರು.

ಒಂದು ಮಂಗಳವಾರ ಹನ್ನೊಂದೂಕಾಲಿಗೆ, ಐದು ಟೇಬಲ್ಲು ಖಾಲಿ ಇರುವಾಗ, ಒಬ್ಬರು ಬಂದು ನೇರವಾಗಿ ಮೆಟ್ಟಿಲ ಕೆಳಗೆ ಬಗ್ಗಿ ಕೂತರು. ಹೆಗಲ ಮೇಲಿನ ಟವೆಲು ಮಡಿಸಿ ಚೀಲಕ್ಕೆ ಹಾಕಿದರು. ಕನ್ನಡಕ ತೆಗೆದು ಜೇಬಿಗಿಟ್ಟರು. ಕನ್ನಡಕ ತೆಗೆದರೆ ತನಗೆ ಯಾರೂ ಕಾಣುವುದಿಲ್ಲ, ಆದ್ದರಿಂದ ತಾನೂ ಯಾರಿಗೂ ಕಾಣುವುದಿಲ್ಲ ಎಂದು ಅರವತ್ತರ ಹತ್ತಿರದ ಗಂಡಸೊಬ್ಬರು ನಂಬಿದ್ದನ್ನು ನಾನು ಅಲ್ಲೇ ನೋಡಿದ್ದು. ಮಸಾಲೆ ದೋಸೆ ಬಂತು. ಅಂಚಿನಿಂದ ಸುತ್ತ ಮುರಿದುಕೊಂಡು, ನಡುವಿನ ಬೆಣ್ಣೆ ಕೊನೆಗೆ ಬರುವ ಹಾಗೆ ತಿಂದರು. ಚಟ್ನಿ ಎರಡು ಸಲ ಹಾಕಿಸಿಕೊಂಡರು. ಮೂರನೆಯ ಸಲ ಕರೆದಾಗ ಸಪ್ಲೈಯರನ ಕೈಯಿಂದ ಬಕೆಟ್ಟು ಇಸಿದುಕೊಂಡು ನಾನೇ ಹೋದೆ.

"ಚಟ್ನಿ ಹಾಕ್ಲಾ, ಆಚಾರ್ರೆ?"

ಕೈ ತಟ್ಟೆಯ ಮೇಲೆ ನಿಂತಿತು.

"ಯಾರು?"

"ಪಾಲಹಳ್ಳಿ ಯಶೋದಮ್ಮ. ಓಲೆ ತಿರುಪು. ಮಜ್ಜಿಗೆ."

ಕನ್ನಡಕ ಹುಡುಕಿ ಹಾಕಿಕೊಂಡರು. ನನ್ನನ್ನು ನೋಡಿ ಮತ್ತೆ ತೆಗೆದರು.

"ಚಟ್ನಿ ಯಾರು ರುಬ್ಬಿದ್ದು?"

"ನಾನೇಯ."

ತಟ್ಟೆಯಲ್ಲಿ ಅರ್ಧ ದೋಸೆ ಉಳಿದಿತ್ತು. ಅದನ್ನು ನೋಡಿದರು, ನನ್ನ ಕೈ ನೋಡಿದರು, ಬೀದಿ ಬಾಗಿಲು ನೋಡಿದರು. ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ. ಕೆಮ್ಮಿ ಸಾಯುವಾಗ ಬೇಡವಾಗಿದ್ದ ಕೈ ಇದೇ.

"ಒಸಿ ಹಾಕಿ," ಅಂದರು. "ಉಪ್ಪು ಸರ್ಯಾಗದೆ."

ಅವತ್ತು ನಾಲ್ಕು ಗಂಟೆಯವರೆಗೂ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾದಿದ್ದರು. "ನಮ್ಮನೇವ್ಳಿಗೆ ತಿಳಿದ್ರೆ ನಾನು ಕೆಟ್ಟೆ. ಗಿರಾಕಿಗಳ್ಗೆ ತಿಳಿದ್ರೆ ಅಂಗ್ಡಿ ಕೆಡ್ತದೆ. ನಿಮ್ ಕೈಲದೆ ಯಶೋದಮ್ಮ."

"ಎಷ್ಟ್ ವರ್ಸದಿಂದ ನಡೀತಾ ಅದೆ ಇದು?"

"ಇಪ್ಪತ್ತಾರು."

"ಒಂದೇ ಹೋಟ್ಲಲ್ಲಾ?"

"ಚೆ, ಚೆ," ಅಂದರು. ಬೇಡಿಕೊಳ್ಳಲು ಬಂದವರ ಮುಖ ಅರಳಿತು. ಬಸ್ಸು ಶ್ರೀರಂಗಪಟ್ಟಣ ಮುಟ್ಟುವ ತನಕ ಹೋಟೆಲುಗಳ ಕಥೆ.

ವಾರಕ್ಕೆ ಎರಡು ಸಲ, ಮಂಗಳವಾರ ಶುಕ್ರವಾರ, ಅಂಗಡಿಗಳಿಗೆ ಒಡವೆ ಒಪ್ಪಿಸಲು ಮೈಸೂರಿಗೆ ಹೋಗುತ್ತಿದ್ದರು. ಕೆಲಸಕ್ಕೆ ಪಟ್ಟಣಕ್ಕೆ ಹೋದವರು ಹೋಟೆಲು ಹುಡುಕುವಾಗ ರುಚಿ ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಇವರು ಮೊದಲು ನೋಡುತ್ತಿದ್ದದ್ದು ಊರಿನವರು ಬರುತ್ತಾರೋ ಇಲ್ಲವೋ ಎಂದು. ಬಸ್ ಸ್ಟ್ಯಾಂಡಿನ ಸುತ್ತಮುತ್ತ ಬೇಡ. ಕೋರ್ಟಿನ ಹತ್ತಿರವಂತೂ ಬೇಡವೇ ಬೇಡ, ಪಾಂಡವಪುರದವರೆಲ್ಲ ಅಲ್ಲೇ. ಗೋಡೆಗೆ ಕನ್ನಡಿ ಹಾಕಿದ ಹೋಟೆಲಾದರೆ ಬೀದಿಯಲ್ಲಿ ಹೋಗುವವರಿಗೆ ಮುಖ ಕಾಣುತ್ತದೆ. ಮುಂದುಗಡೆ ಒಲೆ ಇಟ್ಟಿದ್ದರೆ ಬಟ್ಟೆಗೆ ಹೊಗೆ ಹಿಡಿಯುತ್ತದೆ. ಈರುಳ್ಳಿ ದೋಸೆ ಎಷ್ಟು ಆಸೆಯಾದರೂ ಇಲ್ಲ, ಬಾಯಿ ಹೇಳಿಬಿಡುತ್ತದೆ. ಎರಡು ಬಾಗಿಲಿರಬೇಕು. ತಿಂದ ಮೇಲೆ ಒಂದು ಚಿಟಿಕೆ ಜೀರಿಗೆ. ಇಷ್ಟನ್ನೆಲ್ಲ ದಾಟಿ ಉಳಿದ ಹೋಟೆಲುಗಳಲ್ಲಿ ರುಚಿ ನೋಡುತ್ತಿದ್ದರು. ಅದರಲ್ಲಿ ಒಂದು ಸಲವೂ ತಪ್ಪಿಲ್ಲ ಎನ್ನುವುದನ್ನೂ ನಾನು ಹೇಳಬೇಕು. ಯಾವ ವಾರ ಬೆಣ್ಣೆ ಹೊಸದು, ಸಾಂಬಾರಿಗೆ ನೀರು ಸೇರಿದ್ದು ಯಾವಾಗ, ಎಲ್ಲ ಸರಿಯಾಗಿ ಹೇಳುತ್ತಿದ್ದರು. ಇಷ್ಟು ನಿಗಾ ಒಳ್ಳೆಯದಕ್ಕೆ ಇಟ್ಟಿದ್ದರೆ ಏನೇನಾಗುತ್ತಿತ್ತೋ.

ಎರಡು ಗಂಟೆಗೆ ಮನೆಯಲ್ಲಿ ಹೆಂಡತಿ ವರಲಕ್ಷ್ಮಮ್ಮ ಎಲೆ ಹಾಕಿ ಕಾಯುತ್ತಿದ್ದರು. ಬೆಳಗಿನಿಂದ ಬರಿ ಹೊಟ್ಟೆ ಎಂದು ಎರಡು ಸೌಟು ಹೆಚ್ಚಿಗೆ ಬಡಿಸುವವರು. ಅದನ್ನೂ ಪೂರ್ತಿ ಉಣ್ಣದೆ ಇವರಿಗೆ ದಾರಿಯಿಲ್ಲ. ಎರಡೆರಡು ಊಟಕ್ಕೆ ಮೈ ಕೈ ತುಂಬಿಕೊಂಡು ಕೆನ್ನೆ ಹೊಳೆಯುತ್ತಿತ್ತು. ಉಪವಾಸದ ತೇಜಸ್ಸು ನೋಡಿ ಎಂದು ಜನ ಅಂದುಕೊಂಡರು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಅವರ ಮಗಳು ಹರ್ಷಿತಳ ಹೆರಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಆಯಿತು. ನಾಲ್ಕು ದಿನ. ನಾಲ್ಕು ದಿನವೂ ಆಚಾರ್ರು ಮೆಟ್ಟಿಲ ಕೆಳಗೆ ಹಾಜರು. ಮೂರನೆಯ ದಿನ ಕೆಲಸ ಮುಗಿಸಿಕೊಂಡು ನಾನು ಕೂಸು ನೋಡಲು ಹೋದೆ. ವರಲಕ್ಷ್ಮಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆ. ಗಂಡನ ನೇಮ ಅವರದೂ; ಸಿಪ್ಪೆ ಸುಲಿದು ತಿನ್ನುವ ಹಣ್ಣಿಗೆ ಮಾತ್ರ ಅದರಲ್ಲಿ ಎಡೆಯಿತ್ತು.

"ಒಂದ್ ಇಡ್ಲಿ ತಿನ್ನಿ ವರಲಕ್ಷ್ಮಮ್ಮ. ಬಾಣಂತಿ ನೋಡ್ಕಳೋ ಕೈಗೆ ಶಕ್ತಿ ಬ್ಯಾಡ್ವಾ?"

"ಅವ್ರೂ ಮೂರ್ ದಿನದಿಂದ ಬಾಳೆಹಣ್ಣಲ್ಲೇ ಅವ್ರೆ ಕಣ್ರೀ. ನಂದಾದ್ರೂ ಕೂತಿರೋ ಕೆಲ್ಸ. ಅವ್ರು ಬಿಸ್ಲಲ್ಲಿ ಔಸ್ದಿಗೆ ಅಲೀತಾವ್ರೆ."

ಔಷಧಿಗೆ ಅಲೆದ ದಾರಿ ನನಗೆ ಗೊತ್ತಿತ್ತು. ಅವತ್ತು ಖಾರಾಬಾತು, ಎರಡು ವಡೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆ ತುಟಿ ನೋಡಿ ಮುಚ್ಚಿದೆ. ಹೇಳಿದ್ದರೆ ಅಷ್ಟು ವರ್ಷದ ಹಸಿವನ್ನೆಲ್ಲ ಒಂದೇ ಸಲ ಅವರ ಮಡಿಲಿಗೆ ಸುರಿದ ಹಾಗಾಗುತ್ತಿತ್ತು.

ಮಾರನೆಯ ದಿನ ಟೇಬಲ್ಲಿನ ಪಕ್ಕ ಹೋಗಿ ನಿಂತೆ. "ಆಚಾರ್ರೆ, ಆಸ್ಪತ್ರೇಲಿ ಒಬ್ರು ಬಾಳೆಹಣ್ಣು ತಿಂತಾವ್ರೆ."

"ಗೊತ್ತು ಕಣಮ್ಮ," ಅಂದು ವಡೆ ಮುರಿದರು. "ಉದ್ದು ನೆಂದಿಲ್ಲ ಇವತ್ತು."

ಅವತ್ತಿನಿಂದ ಅವರಿಗೆ ಚಟ್ನಿ ಬಡಿಸಲು ನಾನು ಹೋಗಲಿಲ್ಲ.

ಇನ್ನೂ ಕೆಲವು ವರ್ಷ ಹೀಗೇ ನಡೆಯಿತು. ಹೋದ ವರ್ಷ ಒಬ್ಬಳು ಹುಡುಗಿ ಫೋನು ಹಿಡಿದುಕೊಂಡು ಹೋಟೆಲಿಗೆ ಬಂದಳು. ಗಲ್ಲಿಯೊಳಗಿನ ಹೋಟೆಲುಗಳ ವಿಡಿಯೋ ಮಾಡಿ ಹಾಕುವವಳು. ಮಾಲೀಕ ಪುಟ್ಟಸ್ವಾಮಿಗೆ ಹಿಗ್ಗೋ ಹಿಗ್ಗು. ಅವಳು ಒಂದೊಂದೇ ಟೇಬಲ್ಲು ತೋರಿಸುತ್ತಾ ಮೆಟ್ಟಿಲ ಕೆಳಕ್ಕೂ ಬಗ್ಗಿದಳು. "ಅಂಕಲ್, ಹೇಗಿದೆ ಟೇಸ್ಟು?" ಕನ್ನಡಕವಿಲ್ಲದ ಆಚಾರ್ರಿಗೆ ಅವಳ ಕೈಯಲ್ಲಿ ಇರುವುದೇನೆಂದು ಕಾಣಲಿಲ್ಲ. ಹೋಟೆಲಿನ ವಿಷಯ ಕೇಳಿದವರಿಗೆ ಹೇಳದೆ ಇರುವುದು ಅವರಿಂದ ಆಗುತ್ತಲೂ ಇರಲಿಲ್ಲ.

"ಎರಡ್ನೇ ದೋಸೆ ಕೇಳ್ಬೇಕು ಮಗ. ಮೊದಲ್ನೇದು ಕಾವ್ಲಿ ಪಳಗಾಕೆ. ನಾನು ಮೂವತ್ತ್ ವರ್ಸಕ್ಕೂ ಮೇಲಿಂದ ಮೈಸೂರಲ್ಲಿ ತಿಂತಾವ್ನಿ, ಈ ಬೆಣ್ಣೆ ಇನ್ನೆಲ್ಲೂ ಇಲ್ಲ."

ಮೂರು ದಿನದಲ್ಲಿ ಶ್ರೀರಂಗಪಟ್ಟಣ ನೋಡಿತು. ನಾಲ್ಕನೆಯ ದಿನ ನಾಗಮಂಗಲ. ಜಗಲಿಯ ಮುಂದೆ ಹೋಗುವವರು "ಆಚಾರ್ರೆ, ಎರಡ್ನೇದಾ ಮೊದಲ್ನೇದಾ?" ಎಂದು ಕೂಗಿ ಹೋಗುತ್ತಿದ್ದರು. ಮರಿಸ್ವಾಮಿ ಕರಗಿಸಲು ಕೊಟ್ಟಿದ್ದ ಹಳೆಯ ಬಳೆ ವಾಪಸ್ಸು ಕೇಳಿದ. ನಾನು ಅಲ್ಲೇ ಇದ್ದೆ.

"ಒಂದ್ ದೋಸೆಗಾ ಮರಿಸ್ವಾಮಿ?" ಅಂದರು ಆಚಾರ್ರು.

"ತಿಂದಿದ್ದಕ್ಕಲ್ಲ ಆಚಾರ್ರೆ. ತಿನ್ನಾಕಿಲ್ಲ ಅಂದ್ರಲ್ಲ, ಅದ್ಕೆ."

ಚಿನ್ನದಲ್ಲಿ ಅವರು ಮೋಸ ಮಾಡಿದ್ದನ್ನು ನಾನು ನೋಡಿಲ್ಲ, ಕೇಳಿಲ್ಲ. ಆದರೂ ಕೆಂಡ ಆರಿತು. ಮೈಸೂರಿಗೆ ಹೋಗುವುದೂ ನಿಂತಿತು.

ವರಲಕ್ಷ್ಮಮ್ಮ ಕೂಗಾಡಲಿಲ್ಲ. ಎರಡು ಗಂಟೆಗೆ ಎಲೆ ಹಾಕಿದರು, ಬಡಿಸಿದರು. ಗಂಡನೊಡನೆ ಮಾತು ಮಾತ್ರ ಬಿಟ್ಟರು. ನಾನು ಹೋದಾಗ ಹಿತ್ತಲಲ್ಲಿ ಮೆಲ್ಲಗೆ ಹೇಳಿದೆ. "ನೀವಾದ್ರೂ ಬುಟ್ಬುಡಿ ಆ ನೇಮವ. ಇನ್ಯಾರಿಗೋಸ್ಕರ?"

"ಯಾಕ್ ಬುಡ್ಲಿ? ಮಾವನವ್ರು ಹೋಗೋವಾಗ ಅವ್ರ ಕೈ ಮೇಲೆ ಕೈ ಇಟ್ಟು ಮಾತ್ ಕೊಟ್ಟೋಳು ನಾನು. ಈಗ ತಿಂದ್ರೆ, ಇಷ್ಟ್ ದಿನ ಹಸ್ಕಂಡಿದ್ದು ಇವ್ರಿಗೋಸ್ಕರ ಅಂತಾಯ್ತದೆ." ಬಟ್ಟೆಯನ್ನು ಕಲ್ಲಿಗೆ ಬಡಿದರು. "ಇವ್ರಿಗೋಸ್ಕರ ಅಲ್ಲ."

ಕಾರ್ತಿಕದಲ್ಲಿ ಆಚಾರ್ರು ಮಲಗಿದರು. ಎದೆಯದು ಎಂದು ಡಾಕ್ಟರು ಹೇಳಿದ್ದರು. ನಾನು ನೋಡಲು ಹೋದದ್ದು ಒಂದು ಭಾನುವಾರ, ಅದಾದ ಒಂಬತ್ತನೆಯ ದಿನಕ್ಕೆ ಅವರು ತೀರಿಕೊಂಡರು. ಅವತ್ತು ಅವರ ಕೆನ್ನೆ ಇಳಿದಿತ್ತು. ವರಲಕ್ಷ್ಮಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದರು. ಮೊರದ ಸದ್ದು ಕೇಳುತ್ತಿತ್ತು. ಆಚಾರ್ರು ಹತ್ತಿರ ಬನ್ನಿ ಎಂದು ಕೈ ಮಾಡಿದರು.

"ಅವ್ಳನ್ನ ಒಂದ್ಸಲ ಕರ್ಕಂಡೋಗಿ ಯಶೋದಮ್ಮ."

"ಎಲ್ಲಿಗೆ?"

"ನಿಮ್ಮೋಟ್ಲಿಗೆ. ಹನ್ನೊಂದು ಗಂಟೆ ಮೇಲೆ ಹೋಗಿ, ರಶ್ ಇರಾಕಿಲ್ಲ. ಆ ಮೂಲೆ ಬ್ಯಾಡ. ಕಿಟ್ಕಿ ಪಕ್ಕದ ಮೂರ್ನೇ ಟೇಬಲ್ಲು, ಗಾಳಿ ಬತ್ತದೆ."

"ನೀವು ಅಲ್ಲಿ ಒಂದಿನಾರ ಕೂತಿದ್ದೀರಾ, ಗಾಳಿ ಬತ್ತದೆ ಅನ್ನಾಕೆ?"

"ಇಲ್ಲ. ಅಲ್ಲಿ ಕೂತೋರ ಸೆರಗು ಹಾರೋದು."

"ಅವ್ರು ಬರಾಕಿಲ್ಲ ಆಚಾರ್ರೆ. ನಿಮ್ಗೂ ಗೊತ್ತು."

ಸೂರಿನ ಕಡೆ ನೋಡಿದರು. ತಪ್ಪಾಯಿತು ಎನ್ನುವ ಮಾತು ಬರಬಹುದೆಂದು ನಾನು ಕಾದೆ. ಒಳಗೆ ಮೊರದ ಸದ್ದು ನಿಂತಿತ್ತು.

"ಬಂದ್ರೆ," ಅಂದರು, "ಮೊದಲ್ನೇ ತುತ್ತು ಬಾಯಿಗಿಟ್ಟಾಗ ಅವ್ಳ ಮುಖ ಹೆಂಗಾಯ್ತು ಅಂತ ಬಂದು ನಂಗೆ ಹೇಳ್ತೀರಾ?"